ಸಂಡಿಗೆ ಕಾಯುವವಳು ಕಂಡ ರಾಶಿ ಮೋಡಗಳು

ಓದುವವರು ಮೊದಲಿಗೆ ನನ್ನನ್ನು ಮನ್ನಿಸಬೇಕು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ನನ್ನದು ಕೋಳಿಕಾಲಿನ ಅಕ್ಷರ, ಮಾತೂ ಕಡಿಮೆ. ಜನರೆದುರು ಬಾಯಿ ಬಿಡಲು ನಾಚಿಕೆಯಾಗುತ್ತದೆಂದೇ ಕಾಗದದ ಮೇಲೆ ಬರೆಯುತ್ತಿದ್ದೇನೆ.

ಶ್ರೀನಿವಾಸಪುರದ ನಮ್ಮ ಮನೆಯಲ್ಲಿ ನಾನು ಹಪ್ಪಳ, ಸಂಡಿಗೆ ಮಾಡುತ್ತೇನೆ. ಸಂಡಿಗೆ ಒಣಗಿಸುವವರ ಕಣ್ಣು ಸದಾ ಆಕಾಶದಲ್ಲಿರುವುದರಿಂದ, ನೆಲದ ಮೇಲೆ ಏನಾದರೊಂದು ಎಡವಟ್ಟು ನಡೆಯುತ್ತಲೇ ಇರುತ್ತದೆ. ಈ ಬೇಸಿಗೆಯಲ್ಲಿ ಹಾಗೆ ನಡೆದ ಕೆಲವನ್ನು ಇಲ್ಲಿ ಬರೆದಿದ್ದೇನೆ.

ಹೋಳೂರಿನ ಕಡೆಯ ಒಬ್ಬ ಅಜ್ಜಿ ತಮ್ಮ ಮೊಮ್ಮಗಳ ಮದುವೆಗೆಂದು ಅರಳು ಸಂಡಿಗೆ ಮಾಡಿಕೊಡಲು ನನಗೆ ಹೇಳಿದ್ದರು. ಅಷ್ಟು ದೊಡ್ಡ ಕೆಲಸ ನನಗೆ ಬಂದದ್ದು ಅದೇ ಮೊದಲು. "ಚೆನ್ನಾಗಿ ಬಂದರೆ ನಮ್ಮ ನಂಟರಿಷ್ಟರೆಲ್ಲ ನಿನ್ನ ಹತ್ತಿರವೇ ಮಾಡಿಸ್ತಾರೆ. ಬೂಷ್ಟು ಬಂತೋ, ನೀನು ನನಗೆ ಗೊತ್ತೇ ಇಲ್ಲ ಅಂತೀನಿ," ಎಂದು ಅವರು ಮೊದಲೇ ಹೇಳಿದ್ದರು. ಅರಳು ಸಂಡಿಗೆ ಒಳಗಿನವರೆಗೂ ಬಿಸಿಲು ಕುಡಿಯಬೇಕು. ಮಳೆಗೆ ಹೆದರಿ ಅರ್ಧದಲ್ಲೇ ತೆಗೆದರೆ ಬೂಷ್ಟು ಹಿಡಿಯುತ್ತದೆ, ತೆಗೆಯದೆ ಮಳೆ ಬಂದರೆ ಗಂಜಿಯಾಗುತ್ತದೆ. ಆದ್ದರಿಂದ ಯಾವ ಮೋಡಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದನ್ನು ನಾನು ಕಲಿಯಲೇಬೇಕಾಯಿತು.

ಯಾವ ರಾಶಿ?

ನಮ್ಮ ಮನೆಯ ಪಕ್ಕದ ಭಾಗದಲ್ಲಿ ಒಬ್ಬ ಟೀಚರಮ್ಮನವರು ಬಾಡಿಗೆಗಿದ್ದಾರೆ. ಅವರು ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಾರೆ. ಒಂದು ಭಾನುವಾರ ನಾನು ತಾರಸಿಯಲ್ಲಿ ಮಂಚದ ಮೇಲೆ ಬಟ್ಟೆ ಹಾಸಿ ಸಂಡಿಗೆ ಇಡುತ್ತಾ, "ಆ ಬಿಳಿ ಮೋಡಗಳು ಮಳೆ ತರ್ತಾವಾ ಟೀಚರಮ್ಮಾ?" ಎಂದು ಕೇಳಿದೆ.

ಅವರು ಮೇಲೆ ನೋಡಿದರು, ಆಮೇಲೆ ನನ್ನ ಮಂಚದ ಕಡೆ ನೋಡಿ ನಕ್ಕರು. "ನೀವು ಇಟ್ಟಿರೋ ಸಂಡಿಗೆ ಥರಾನೇ ಇವೆ ನೋಡಿ. ತಳ ಚಪ್ಪಟೆ, ಮೇಲೆ ಉಬ್ಬು ಉಬ್ಬು. ಅಂಚು ಕತ್ತರಿಸಿದ ಹಾಗೆ ಸ್ಪಷ್ಟ, ನಡುನಡುವೆ ನೀಲಿ ಆಕಾಶ. ಇವು ರಾಶಿ ಮೋಡ, ಇಂಗ್ಲಿಷಲ್ಲಿ ಕ್ಯುಮುಲಸ್ ಅಂತಾರೆ. ಹೀಗೆ ಚಿಕ್ಕದಾಗಿದ್ದರೆ ಏನೂ ಮಾಡಲ್ಲ. ಅಗಲಕ್ಕಿಂತ ಎತ್ತರ ಜಾಸ್ತಿಯಾಗಿ, ಹೂಕೋಸಿನ ಹಾಗೆ ಮೇಲಕ್ಕೆ ಬೆಳೀತಾ, ತಳ ಕಪ್ಪಾದರೆ ಮಾತ್ರ ಓಡಿ ಬಂದು ತೆಗೀರಿ."

ಎದುರು ಮನೆಯಾಕೆ ತನ್ನ ತಾರಸಿಯಲ್ಲಿ ಬಟ್ಟೆ ಹರವುತ್ತಾ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. "ಟೀಚರಮ್ಮಾ, ನಂದು ವೃಶ್ಚಿಕ. ನನಗೆ ಯಾವ ಮೋಡ ಬರುತ್ತೆ ನೋಡಿ!" ಎಂದು ಕೂಗಿದಳು.

"ಅಯ್ಯೋ, ಆ ರಾಶಿ ಅಲ್ಲ ಕಣ್ರೀ. ಕಣದಲ್ಲಿ ರಾಗಿ ರಾಶಿ ಹಾಕ್ತಾರಲ್ಲ, ಆ ರಾಶಿ."

"ಓ, ಹಾಗಾ!" ಎಂದು ಆಕೆ ಒಂದು ಸೀರೆ ಹರವಿ ಮುಗಿಸಿದಳು. ಆಮೇಲೆ ಮತ್ತೆ ಗೋಡೆಯ ಹತ್ತಿರ ಬಂದಳು. "ಆದ್ರೂ ನಮ್ಮ ಯಜಮಾನ್ರದ್ದು ಮಿಥುನ. ಮೋಡ ಆದ್ರೆ ಸಾಕು, ಮೂಗು ಕಟ್ಟುತ್ತೆ. ಅದಕ್ಕೇನಾದ್ರೂ ಪರಿಹಾರ ಇದ್ಯಾ?"

ನಿಂತ ಬಸ್ಸು

ಟೀಚರಮ್ಮನವರು ಒಂದು ಅಳತೆಯನ್ನೂ ಹೇಳಿಕೊಟ್ಟಿದ್ದರು. ಆಕಾಶದ ಕಡೆಗೆ ಕೈಯನ್ನು ಪೂರ್ತಿ ಚಾಚಬೇಕು. ಮೋಡದ ಮುದ್ದೆ ಕಿರುಬೆರಳಿಗಿಂತ ಸಣ್ಣದಾಗಿ ಕಂಡರೆ ಅದು ಬಹಳ ಎತ್ತರದ ಮೋಡ. ಹೆಬ್ಬೆರಳಿನಷ್ಟಿದ್ದರೆ ನಡು ಎತ್ತರದ್ದು. ಮುಷ್ಟಿಯಷ್ಟು ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ ಅದು ಕೆಳಗಿನ ಮೋಡ, ನಮ್ಮ ರಾಶಿ ಮೋಡವೂ ಅಂಥದ್ದೇ.

ಸಂಡಿಗೆಗೆ ಹಾಕುವ ಬೂದುಗುಂಬಳ ತರಲು ಹೊರಟಿದ್ದ ನಾನು ರಸ್ತೆಯ ಅಂಚಿನಲ್ಲಿ ನಿಂತು ಈ ಪಾಠವನ್ನು ಪರೀಕ್ಷಿಸಿದೆ. ಮುಷ್ಟಿ ಬಿಗಿದು, ಒಂದು ಕಣ್ಣು ಮುಚ್ಚಿ, ಕೈ ಎತ್ತಿ ಹಿಡಿದಿದ್ದೆ. ಮುಳಬಾಗಿಲಿಗೆ ಹೋಗುವ ಬಸ್ಸು ಕಿರ್ರನೆ ಬಂದು ನನ್ನ ಮುಂದೆಯೇ ನಿಂತಿತು.

ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಬೇಗ ಹತ್ತಮ್ಮಾ, ಎಲ್ಲಿಗೆ?" ಎಂದ.

ನನಗೆ ನಾಚಿಕೆಯಾಯಿತು. ಎತ್ತಿದ ಕೈಯನ್ನು ಇಳಿಸುವುದೂ ಮರೆತುಹೋಗಿ, "ಅಲ್ಲಿಗೆ..." ಎಂದು ಮೋಡವನ್ನೇ ತೋರಿಸಿದೆ.

ಕಂಡಕ್ಟರ್ ತಲೆಯೆತ್ತಿ ನೋಡಿ, ನಿಧಾನವಾಗಿ ಸೀಟಿ ಊದಿದ. "ಆ ರೂಟಿಗೆ ನಮ್ಮ ಗಾಡಿ ಇಲ್ಲಮ್ಮಾ. ರೈಟ್, ರೈಟ್!"

ಅತ್ತೆಯ ಕಣ್ಣು

ನನ್ನ ಅತ್ತೆಯ ತವರು ಮುಳಬಾಗಿಲಿನಿಂದ ಆಚೆ, ಆಂಧ್ರದ ಗಡಿಯಲ್ಲಿದೆ. ಅವರು ಕನ್ನಡ ಮಾತನಾಡುವಾಗಲೂ ನಡುನಡುವೆ ತೆಲುಗು ಬೆರೆಯುತ್ತದೆ. ಸಂಡಿಗೆ ಒಣಗುತ್ತಿದ್ದ ಆ ವಾರವೇ ಅವರನ್ನು ಕೋಲಾರದಲ್ಲಿ ನಡೆದ ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಬಹಳ ತಾಳ್ಮೆಯವರು.

"ಅಜ್ಜೀ, ಕಿಟಕಿ ಕಡೆ ನೋಡಿ. ಏನು ಕಾಣುತ್ತೆ?"

ಅತ್ತೆ ನೋಡಿ, "ಮಬ್ಬು," ಎಂದರು.

"ಎಲ್ಲಾ ಕಡೆನೂ ಮಬ್ಬಾ?"

"ಇಲ್ಲಪ್ಪಾ. ಅಲ್ಲೊಂದು, ಇಲ್ಲೊಂದು."

"ಒಂದು ಕಣ್ಣು ಮುಚ್ಚಿಕೊಂಡು ನೋಡಿ."

"ಇದು ಮುಚ್ಚಿದ್ರೂ ಅದೇ ಮಬ್ಬು. ಅದು ಮುಚ್ಚಿದ್ರೂ ಅದೇ."

"ಯಾವಾಗಲೂ ಹೀಗೇನಾ?"

"ಬೆಳಿಗ್ಗೆ ಇರಲ್ಲ. ಬಿಸಿಲೇರಿದ ಮೇಲೆ ಸಣ್ಣದಾಗಿ ಶುರುವಾಗುತ್ತೆ. ಮಧ್ಯಾಹ್ನಕ್ಕೆ ದಪ್ಪ ಆಗುತ್ತೆ. ಹೊತ್ತು ಮುಳುಗೋ ವೇಳೆಗೆ ತಾನೇ ಕರಗಿ ಹೋಗುತ್ತೆ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಇಂಥ ಪೊರೆ ನಾನು ಓದಿಯೂ ಇಲ್ಲ, ನೋಡಿಯೂ ಇಲ್ಲ. ಇದರಿಂದ ನಿಮಗೆ ತೊಂದರೆ ಏನಜ್ಜೀ?"

"ನನಗೇನು ತೊಂದರೆ? ಇಕೋ, ಈ ಸೊಸೆಗೇ ನಿದ್ದೆ ಇಲ್ಲ."

ಇನ್ನು ಸುಮ್ಮನಿದ್ದರೆ ಅತ್ತೆಯ ಕಣ್ಣಿಗೆ ಕತ್ತರಿ ಬೀಳುತ್ತದೆಂದು ಹೆದರಿ ನಾನು ಧೈರ್ಯ ಮಾಡಿದೆ. "ಡಾಕ್ಟ್ರೇ, ತೆಲುಗಿನಲ್ಲಿ ಮಬ್ಬು ಅಂದರೆ ಮೋಡ. ಅವರು ಕಿಟಕಿಯಾಚೆ ಇರೋದನ್ನ ಹೇಳ್ತಾ ಇದ್ದಾರೆ."

ಡಾಕ್ಟರು ಎದ್ದು ಹೋಗಿ ಕಿಟಕಿಯಲ್ಲಿ ಇಣುಕಿದರು. ಹೊರಗೆ ಬೆಳ್ಳಗೆ ರಾಶಿ ಮೋಡಗಳು ತೇಲುತ್ತಿದ್ದವು. ಅವರು ತಿರುಗಿ ಬಂದು, ಬರೆದದ್ದನ್ನು ಹೊಡೆದುಹಾಕಿದರು. "ಹಾಗಾದರೆ ಆಪರೇಷನ್ ಮಾಡಬೇಕಾಗಿರೋದು ಆಕಾಶಕ್ಕೆ. ಅಜ್ಜಿಗೆ ಕನ್ನಡಕ ಸಾಕು."

ನಮ್ಮ ಮನೆಗೆ ಮಾತ್ರ ಬಂದ ಮಳೆ

ಅದು ಸಂಡಿಗೆಗೆ ಕೊನೆಯ ಬಿಸಿಲು. ಊಟದ ಹೊತ್ತು ಕಳೆದ ಮೇಲೆ, ಹೇಳದೆ ಕೇಳದೆ ಹೋಳೂರಿನ ಅಜ್ಜಿ ಆಟೋದಿಂದ ಇಳಿದರು. ಇಳಿದವರೇ ಆಕಾಶ ನೋಡಿ ಕೆನ್ನೆಗೆ ಕೈ ಹಚ್ಚಿದರು.

"ಏನಮ್ಮಾ, ಇಷ್ಟು ಮೋಡ ಇದೆ! ಸಂಡಿಗೆ ಇನ್ನೂ ತಾರಸಿಯಲ್ಲೇ ಬಿಟ್ಟಿದ್ದೀಯಲ್ಲ, ತೆಗೀ ತೆಗೀ!"

ದೊಡ್ಡವರಿಗೆ ಎದುರು ಮಾತನಾಡಿ ನನಗೆ ಅಭ್ಯಾಸವಿಲ್ಲ. ಆದರೂ ಮತ್ತೊಮ್ಮೆ ಮೇಲೆ ನೋಡಿದೆ. ಮೋಡಗಳ ತಳ ಬೆಳ್ಳಗಿತ್ತು, ಯಾವುದೂ ಎತ್ತರಕ್ಕೆ ಬೆಳೆದಿರಲಿಲ್ಲ, ನಡುವೆ ನೀಲಿ ಧಾರಾಳವಾಗಿತ್ತು. "ಬೇಡ ಅಮ್ಮಾ. ಇವು ಮಳೆ ತರೋ ಮೋಡ ಅಲ್ಲ. ಈಗ ತೆಗೆದರೆ ಒಳಗೆ ಹಸಿ ಉಳಿಯುತ್ತೆ," ಎಂದೆ.

"ನಿನ್ನ ಮಾತಿನ ಮೇಲೆ ಬಿಡ್ತೀನಿ. ಕೆಟ್ಟರೆ ನೀನುಂಟು, ನಿನ್ನ ಮೋಡ ಉಂಟು," ಎಂದು ಅವರು ಒಳಗೆ ಬಂದು ಕುಳಿತರು.

ತಾರಸಿಯಲ್ಲಿ ಕಾಗೆ ಕಾಯಲು ನಮ್ಮ ಯಜಮಾನರನ್ನು ಕೂರಿಸಿದ್ದೆ. ಅವರು ಟೊಮೆಟೊ ಮಂಡಿಯ ಕೆಲಸ ಮುಗಿಸಿ ಬಂದವರು. ಕಾಗೆ ಬೆದರಲೆಂದು ಒಂದು ಕರಿ ಕೊಡೆಯನ್ನೂ ಅವರ ಪಕ್ಕದಲ್ಲಿ ಇಟ್ಟು ಬಂದಿದ್ದೆ. ನಾನು ಅಜ್ಜಿಗೆ ಕಾಫಿ ಕೊಡುತ್ತಿದ್ದಂತೆ ಮೇಲಿನಿಂದ ಕೂಗು ಕೇಳಿಸಿತು.

"ಮಳೆ! ಲೇ, ಮಳೆ ಬಂತು ಕಣೇ!"

ಅಜ್ಜಿ ಲೋಟ ಕುಕ್ಕಿ ಎದ್ದರು. ನಾನು ಮುಂದೆ, ಅವರು ಹಿಂದೆ, ಮೆಟ್ಟಿಲು ಹತ್ತಿ ಓಡಿದೆವು.

ತಾರಸಿಯ ಮೂಲೆಯಲ್ಲಿ ನಮ್ಮ ಯಜಮಾನರು ಎರಡೂ ಕೈ ಚಾಚಿ, ಸಂಡಿಗೆಯ ಮಂಚಗಳ ಮೇಲೆ ಕೊಡೆಯನ್ನು ತಮ್ಮ ಕಡೆಗೆ ಬಗ್ಗಿಸಿ ಹಿಡಿದು ನಿಂತಿದ್ದರು. ಕೊಡೆಯ ಮೇಲೆ ಬಿದ್ದ ನೀರೆಲ್ಲ ಜಾರಿ ಅವರ ನೆತ್ತಿಯ ಮೇಲೆಯೇ ಧಾರೆಯಾಗಿ ಸುರಿಯುತ್ತಿತ್ತು. ಪಂಚೆ, ಬನಿಯನ್ನು, ಮೀಸೆ ಎಲ್ಲವೂ ತೊಯ್ದು ತೊಪ್ಪೆಯಾಗಿದ್ದವು.

"ಬರಲ್ಲ ಬರಲ್ಲ ಅಂದೆ, ನೋಡೀಗ!" ಎಂದು ಅವರು ನೀರಿನ ನಡುವೆಯೇ ಕೂಗಿದರು. "ಎದುರು ಮನೆ ಮೇಲೆ ಒಂದು ಹನಿ ಇಲ್ಲ. ಪಕ್ಕದ ಮನೆ ಮೇಲೂ ಇಲ್ಲ. ನಮ್ಮ ಮನೆಗೇ ಗುರಿ ಇಟ್ಟು ಸುರೀತಾ ಇದೆ. ಎಂಥಾ ಮೋಡ ಕಣೇ ಇದು!"

ನಾನು ಆಕಾಶ ನೋಡಿದೆ. ಬಿಸಿಲು ಕಣ್ಣಿಗೆ ರಾಚಿತು. ಅಷ್ಟರಲ್ಲಿ ಕೆಳಗಿನಿಂದ ಅತ್ತೆಯ ದನಿ ಬಂತು.

"ಏಮಪ್ಪಾ, ನಲ್ಲಿ ನೀರು ಬಂದಿದೆ ಅಂತ ಮೋಟಾರ್ ಹಾಕಿ ಎಷ್ಟೊತ್ತಾಯ್ತು! ಟ್ಯಾಂಕು ತುಂಬಿತಾ ನೋಡು!"

ಯಜಮಾನರು ನಿಧಾನವಾಗಿ ತಲೆಯೆತ್ತಿದರು. ಕೂತಲ್ಲೇ ತೂಕಡಿಸುತ್ತಿದ್ದ ಅವರು ನಿದ್ದೆಗಣ್ಣಿನಲ್ಲಿ ಕೊಡೆ ಬಿಚ್ಚಿಕೊಂಡು ಎದ್ದು ನಿಂತದ್ದು ಟ್ಯಾಂಕಿನ ಹೆಚ್ಚುವರಿ ನೀರು ಹೊರಬೀಳುವ ಪೈಪಿನ ಸರಿಯಾಗಿ ಕೆಳಗೆ. ನಾನು ಓಡಿಹೋಗಿ ಮೋಟಾರ್ ನಿಲ್ಲಿಸಿ ಬರುವವರೆಗೂ ಅವರು ಕೊಡೆಯನ್ನು ಮಾತ್ರ ಬಿಟ್ಟಿರಲಿಲ್ಲ. ಮಂಚದ ಮೇಲಿನ ಸಂಡಿಗೆಗೆ ಒಂದು ಹನಿಯೂ ತಾಗಿರಲಿಲ್ಲ.

ಹೋಳೂರಿನ ಅಜ್ಜಿ ಮಂಚದ ಬಳಿ ಹೋದರು. ಒಂದು ಸಂಡಿಗೆ ಎತ್ತಿ ಮುರಿದರು. ಟಕ್ಕೆಂದು ಮುರಿಯಿತು. ಒಳಗೆ ಬೆರಳಿಟ್ಟು ನೋಡಿದರು, ಇನ್ನೊಂದನ್ನೂ ಮುರಿದರು.

"ಸೊಗಸಾಗಿ ಒಣಗಿದೆಯಮ್ಮಾ," ಎಂದರು. "ಮದುವೆ ಮನೆಗೆ ನಾಳೆಯೇ ಕಳಿಸು. ನಮ್ಮ ತಂಗಿ ಮನೆಗೂ ನೀನೇ ಮಾಡಿಕೊಡಬೇಕು."

ಆಮೇಲೆ ತೊಟ್ಟಿಕ್ಕುತ್ತಾ ನಿಂತಿದ್ದ ಯಜಮಾನರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ನನ್ನ ಕಡೆ ತಿರುಗಿದರು.

"ಇವರನ್ನ ಮಾತ್ರ ಇನ್ನೆರಡು ಬಿಸಿಲು ಚೆನ್ನಾಗಿ ಒಣಗಿಸಿ, ಆಮೇಲೆ ಒಳಗೆ ತಗೋ. ಬೂಷ್ಟು ಬಂದೀತು."

ಬರೆಯುವುದು ನನಗೆ ಹೊಸದು. ತಪ್ಪಿದ್ದಲ್ಲಿ ದಯವಿಟ್ಟು ಕ್ಷಮಿಸಿ.