ಮೂಲಕ್ಕೆ ಮೂರು ನಕಲು

'ಕಟಕ್!' ಎಂದು ಸದ್ದಾದಾಗ ಜೋಪಾನರಾಯರು ಮೊದಲು ಮುಟ್ಟಿ ನೋಡಿಕೊಂಡದ್ದು ತಮ್ಮ ಸೊಂಟವನ್ನು. ಸೊಂಟ ಕ್ಷೇಮವಾಗಿತ್ತು. ಅದರ ಕೆಳಗೆ, ಕುರ್ಚಿಯ ಮೇಲೆ, ಸತ್ತ ಕಂಪ್ಯೂಟರಿಗೆ ಜೀವ ತುಂಬಬೇಕಿದ್ದ ಮೂಲ ಡಿಸ್ಕು ಎರಡು ಹೋಳಾಗಿ ಬಿದ್ದಿತ್ತು!

ಜೋಪಾನರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ದಾಖಲೆ ಕೊಠಡಿಯಲ್ಲಿ ಇಪ್ಪತ್ತಾರು ವರ್ಷ ಸವೆಸಿದ ರಾಯರಿಗೆ, ಒಂದು ಕಾಗದಕ್ಕೆ ಮೂರು ನಕಲು ತೆಗೆಸದಿದ್ದರೆ ನಿದ್ದೆ ಹತ್ತದು. ಮನೆಯ ಬೀಗದ ಕೈಗೆ ಜೋಡಿ ಕೈ, ಆ ಜೋಡಿ ಕೈ ಇಟ್ಟ ಡಬ್ಬಿಗೆ ಬೇರೊಂದು ಬೀಗ. ಅಂಥವರು ಆ ಭಾನುವಾರ ಬೆಳಗ್ಗೆ, ಕಂಪ್ಯೂಟರು ಕಣ್ಣು ಬಿಡಲಿಲ್ಲವೆಂದು, ಕಂಪನಿ ಅದರ ಜೊತೆ ಕೊಟ್ಟಿದ್ದ ಡಿಸ್ಕನ್ನು ಬೀರುವಿನಿಂದ ಹಸುಗೂಸಿನಂತೆ ಎತ್ತಿ ತಂದು, ಒಂದೇ ಒಂದು ಕ್ಷಣ ಕುರ್ಚಿಯ ಮೇಲೆ ಮಲಗಿಸಿ, ಗುಂಡಿ ಒತ್ತಲು ಬಗ್ಗಿ, ಹಾಗೇ ಕೂತುಬಿಟ್ಟಿದ್ದರು.

"ಮೂಲದ ಮೇಲೆ ಕೂತ್ರೆ ವ್ಯಾಧಿ ತಪ್ಪಿದ್ದಲ್ಲ" ಎಂದರು ಹೆಂಡತಿ. ಆದರೆ ನಗಲಿಲ್ಲ. ಅವರು ಶಾಲೆಯಲ್ಲಿ ಗಣಿತದ ಟೀಚರು. ಇನ್ನೂರ ನಲವತ್ತು ಮಕ್ಕಳ ಅಂಕಗಳು ಆ ಕಂಪ್ಯೂಟರಿನ ಹೊಟ್ಟೆಯಲ್ಲಿದ್ದವು. ಮರುದಿನ ಹತ್ತು ಗಂಟೆಗೆ ಹೆಡ್‌ಮಿಸ್ಟ್ರೆಸ್ಸರ ಮೇಜಿನ ಮೇಲಿರಬೇಕು. ರಿಪೇರಿ ಅಂಗಡಿಯವನಿಗೆ ಫೋನ್ ಮಾಡಿದರೆ ಅವನದು ಒಂದೇ ಮಾತು: "ಡಿಸ್ಕ್ ತಂದ್ರೆ ಅರ್ಧ ಗಂಟೇಲಿ ಎಬ್ಬಿಸ್ತೀನಿ, ಒಳಗಿರೋದೂ ಉಳಿಯುತ್ತೆ. ಇಲ್ಲಾಂದ್ರೆ ಎಲ್ಲ ಒರೆಸಿ ಹೊಸದಾಗಿ ಶುರು!"

ರಾಯರು ಕೆರಳಿದರು. "ಕೂತ ಮಾತ್ರಕ್ಕೆ ಮುರಿಯೋ ಡಿಸ್ಕ್ ಮಾಡ್ತಾರಲ್ಲ, ನಾಚಿಕೆ ಇಲ್ವಾ ಕಂಪನಿಗೆ! ದೂರು ಬರೀತೀನಿ, ಮೂರು ನಕಲು ಸಮೇತ!" ಹೋಳುಗಳನ್ನು ಸಾಕ್ಷ್ಯಕ್ಕೆಂದು ಅಂಗಿಯ ಜೇಬಿಗೆ ತುರುಕಿದರು.

"ದೂರು ಆಮೇಲೆ. ನನ್ನ ಮಾರ್ಕ್ಸು?"

"ಅದಕ್ಯಾಕೆ ಚಿಂತೆ? ಈ ಡಿಸ್ಕಿಗೂ ನಾಲ್ಕು ವರ್ಷದ ಹಿಂದೇನೇ ಮೂರು ನಕಲು ಮಾಡಿದೀನಿ, ಕೈಯಾರೆ! ಒಂದಕ್ಕೆ ಮುಕ್ಕಾಲು ಗಂಟೆ ಬೇಕು ಅಂತಾರೆ ಜನ, ಸೋಮಾರಿಗಳು. ನಾನು ಒಂದೊಂದು ನಿಮಿಷಕ್ಕೆ ಮುಗಿಸ್ದೆ! ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ. ಎದುರು ಮನೆ ಪಿಟೀಲು ಮೇಷ್ಟ್ರಿಗೆ, ನಿನ್ನ ತಮ್ಮನಿಗೆ, ನಿಮ್ಮಮ್ಮನಿಗೆ. ಭೂಕಂಪ ಆದ್ರೂ ಮೂರು ಮನೆ ಒಟ್ಟಿಗೆ ಬೀಳುತ್ತಾ?"

"ಅವೂ ಕೈಕೊಟ್ರೆ?"

"ಇನ್ನೂರ ನಲವತ್ತು ಪೇಪರೂ ನಾನೇ ಕೂತು ಕೂಡ್ತೀನಿ. ಒಬ್ಬನೇ!"

ಹೆಂಡತಿ ಕೆಂಪು ಪೆನ್ನೊಂದನ್ನು ಕೈಚೀಲಕ್ಕೆ ಹಾಕಿಕೊಂಡು ಗಂಡನ ಜೊತೆ ಹೊರಟರು.

ಪಿಟೀಲು ಮೇಷ್ಟ್ರು ಮುಖದ ತುಂಬ ಸೋಪಿನ ನೊರೆ ಹಚ್ಚಿಕೊಂಡೇ ಬಾಗಿಲು ತೆಗೆದರು. "ಡಿಸ್ಕಾ? ಬನ್ನಿ, ತೋರಿಸ್ತೀನಿ" ಎಂದು ಸಂಭ್ರಮದಿಂದ ಬಚ್ಚಲಿಗೇ ಕರೆದೊಯ್ದರು. ಡಿಸ್ಕು ಗೋಡೆಯ ಮೇಲೆ, ಗೋಂದಿನಿಂದ ಶಾಶ್ವತವಾಗಿ ಪ್ರತಿಷ್ಠಾಪಿತವಾಗಿತ್ತು!

"ಎಂಥ ಕನ್ನಡಿ ಕೊಟ್ರಿ ರಾಯರೇ! ಮೂಗಿನ ಜಾಗದಲ್ಲಿ ಮಾತ್ರ ಒಂದು ತೂತು. ಮೂಗಿಗೇನು ಕ್ಷೌರ ಬೇಕಾ?"

"ಮೇಷ್ಟ್ರೇ, ಅದು ಕಂಪ್ಯೂಟರಿನ ಜೀವ! ನಿಮ್ಮ ಪಿಟೀಲು ತಂದು ನಾನು ಬಟ್ಟೆ ಒಣಹಾಕಿದ್ರೆ ಹೇಗಿರುತ್ತೆ?"

ಭಾವಮೈದನ ಮನೆಯಲ್ಲಿ ಇನ್ನೂ ಘೋರ. ಅವನ ಮಗಳ ಮರದ ಆಟದ ಬಂಡಿ ಅಂಗಳದಲ್ಲಿ ಗಡಗಡ ಸುತ್ತುತ್ತಿತ್ತು. ಹಿಂದಿನ ಎಡ ಚಕ್ರ ಮಾತ್ರ ಬೆಳ್ಳಗೆ ಮಿಂಚುತ್ತಿತ್ತು.

"ಭಾವ, ನಿಮ್ಮ ನಕಲು ಬಹಳ ಗಟ್ಟಿ! ವರ್ಷಗಳಿಂದ ಒಂದು ದಿನವೂ ನಿಂತಿಲ್ಲ, ಚೆನ್ನಾಗಿ ಓಡ್ತಾ ಇದೆ!"

ಕಂಪ್ಯೂಟರಿನಲ್ಲಿ ಓಡಬೇಕಾದದ್ದು ಕಲ್ಲುಮಣ್ಣಿನಲ್ಲಿ ಓಡಿತ್ತು! ಹೊಣೆಗೇಡಿತನ, ಜವಾಬ್ದಾರಿ, ನಾಗರಿಕತೆಯ ಅವನತಿ ಎಂದು ರಾಯರು ಕಾಲು ಗಂಟೆ ಭಾಷಣ ಬಿಗಿದರು. ಬಂಡಿ ಅಷ್ಟರಲ್ಲಿ ಅವರ ಸುತ್ತ ಆರು ಪ್ರದಕ್ಷಿಣೆ ಹಾಕಿತ್ತು.

ಉಳಿದದ್ದು ಅತ್ತೆ. ಡಿಸ್ಕು ಕೊಟ್ಟ ದಿನ ರಾಯರು ಆಕೆಗೆ, "ಬೆರಳು ತಾಗಿಸಬೇಡಿ, ಬಿಸಿಲಿಗಿಡಬೇಡಿ, ಅದರ ಮೇಲೆ ಲೋಟ ಇಡಬೇಡಿ" ಎಂದು ಎಳೆಮಗುವಿಗೆ ಹೇಳುವಂತೆ ಹೇಳಿದ್ದರು. ಆಕೆ ಮರೆತಿರಲಿಲ್ಲ. ಪೆಟ್ಟಿಗೆ ತೆರೆದರು. ಪೆಟ್ಟಿಗೆಯೊಳಗೆ ಬಿಸ್ಕತ್ತಿನ ಡಬ್ಬ, ಅದರೊಳಗೆ ಹತ್ತಿಯ ಹಾಸಿಗೆ, ಅದರ ಮೇಲೆ ಮಕಮಲ್ಲಿನ ಚೀಲದಲ್ಲಿ ಡಿಸ್ಕು. ಒಂದು ಗೀರಿಲ್ಲ, ಒಂದು ಧೂಳಿನ ಕಣವಿಲ್ಲ!

ರಾಯರ ಕಣ್ಣು ತುಂಬಿ ಬಂತು. "ಕೊಡಿ ಅತ್ತೆ, ನಾನು ಹಿಡ್ಕೋತೀನಿ."

"ಬೇಡ ಅಳಿಯಂದ್ರೆ. ನೀವು ಇದರ ಮೇಲೂ ಕೂತ್ಕೋತೀರಿ."

ಹೀಗೆ ಬಾಡಿಗೆ ಕಾರಿನಲ್ಲಿ ರಾಯರ ಮಡಿಲಲ್ಲಿ ಕಂಪ್ಯೂಟರು, ಅತ್ತೆಯ ಮಡಿಲಲ್ಲಿ ಡಿಸ್ಕು, ನಡುವೆ ಕೈಚೀಲ ಹಿಡಿದ ಹೆಂಡತಿ. ಅಂಗಡಿ ತಲುಪುತ್ತಲೇ ರಾಯರು ಕೌಂಟರಿಗೆ ಮೊಣಕೈ ಊರಿ ಘೋಷಿಸಿದರು: "ನೋಡಪ್ಪಾ, ವಸ್ತುವಿನ ಬೆಲೆ ತಿಳಿದೋರು ಈ ಕುಟುಂಬದಲ್ಲಿ ಇಬ್ಬರೇ. ಮಾಡಿದ ನಾನು, ಕಾಪಾಡಿದ ಇವರು. ಉಳಿದೋರೆಲ್ಲ ಕನ್ನಡಿ, ಚಕ್ರ!"

ಅಂಗಡಿಯವನು ಡಿಸ್ಕನ್ನು ಸತ್ತ ಕಂಪ್ಯೂಟರಿಗೆ ಹಾಕಿದ. ಅದು ಮಿಸುಕಲಿಲ್ಲ. ತೆಗೆದು ತನ್ನದಕ್ಕೆ ಹಾಕಿ, ಪರದೆಯ ಹತ್ತಿರ ಕಣ್ಣು ಕಿರಿದು ಮಾಡಿದ. ವಿಶಾಲವಾದ ಬಿಳಿ ಬಯಲಿನಲ್ಲಿ ಒಂದೇ ಒಂದು ಪುಟಾಣಿ ಚಿತ್ರ, ಅದರ ಮೂಲೆಯಲ್ಲೊಂದು ಬಾಣದ ಗುರುತು.

"ಸಾರ್, ಇದನ್ನ ಹೇಗೆ ನಕಲು ಮಾಡಿದ್ರಿ?"

"ಸುಲಭ! ಮೂಲ ಡಿಸ್ಕ್ ಹಾಕ್ದಾಗ ಪರದೆ ಮೇಲೆ ಅದರ ಚಿತ್ರ ಬಂತು. ಅದನ್ನ ಎಳೆದು ತಂದು ಖಾಲಿ ಡಿಸ್ಕಿಗೆ ಹಾಕ್ದೆ. ಒಂದೇ ನಿಮಿಷ!"

"ಅದು ಬರೀ ಚಿತ್ರ ಸಾರ್. ಒಳಗಿನ ಸರಕು ಬಂದೇ ಇಲ್ಲ. ಮೂರರಲ್ಲೂ ಇಷ್ಟೇ ಇರೋದು."

"ಅಂದ್ರೆ," ಅತ್ತೆ ಮಕಮಲ್ಲಿನ ಚೀಲ ಹಿಡಿದೇ ಕೇಳಿದರು, "ನಾಲ್ಕು ವರ್ಷ ನಾನು ಬೀಗ ಹಾಕಿ ಕಾದದ್ದು ಏನನ್ನ?"

"ವಿಳಾಸಾನಮ್ಮಾ. ಮನೆ ಅಲ್ಲ, ಮನೆಯ ವಿಳಾಸ."

ಕನ್ನಡಿಯಾದದ್ದು, ಚಕ್ರವಾದದ್ದು, ಅಷ್ಟಾದರೂ ಉಪಯೋಗಕ್ಕೆ ಬಂದಿದ್ದವು! ಹೆಂಡತಿ ಕೆಂಪು ಪೆನ್ನು ತೆಗೆದು ಮೆಲ್ಲಗೆ ಗಂಡನ ಅಂಗಿಯ ಜೇಬಿಗೆ ಇಳಿಬಿಟ್ಟರು. ಒಳಗಿದ್ದ ಹೋಳುಗಳಿಗೆ ತಗುಲಿ ಅದು 'ಕಟಕ್' ಎಂದಿತು.

"ವಿಳಾಸವಾದ್ರೂ ಇದೆಯಲ್ಲ" ಎಂದರು ಆಕೆ ಅಂಗಡಿಯವನಿಗೆ. "ಕೇಳಿ ಅದನ್ನೇ, ಉಳಿದದ್ದೆಲ್ಲ ಎಲ್ಲಿದೆ ಅಂತ."

ಅವನು ಬಾಣದ ಚಿತ್ರದ ಮೇಲೆ ಟಕ್ ಟಕ್ ಎಂದು ಒತ್ತಿದ. ಡಿಸ್ಕು ಗಿರ್ರೆಂದಿತು. ಯಂತ್ರ ತುಸು ಹೊತ್ತು ಯೋಚಿಸಿತು. ಆಮೇಲೆ ಪರದೆಯ ಮೇಲೆ, ಬಹಳ ವಿನಯದಿಂದ, ಉತ್ತರ ಮೂಡಿತು:

"ದಯವಿಟ್ಟು ಮೂಲ ಡಿಸ್ಕನ್ನು ಹಾಕಿ."