ಹಾಜರಿ ಹಾಕದ ಹೆಬ್ಬೆರಳು

ನನ್ನ ಬಲಗೈ ಹೆಬ್ಬೆರಳನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಆದರೆ ನಮ್ಮ ಕಚೇರಿಯ ಹಾಜರಿ ಯಂತ್ರ ಮಾತ್ರ ಅದರ ಪರಿಚಯವೇ ಇಲ್ಲ ಎಂದು ಹಟ ಹಿಡಿಯಿತು. ಇಸುಬು ಬಂದು ಆ ಕೈಯ ಚರ್ಮ ಒಣಗಿ, ಬಿರಿದು, ಬೆರಳಿನ ಗೆರೆಗಳೇ ಮಾಯವಾಗಿದ್ದವು. ಒತ್ತಿದಾಗಲೆಲ್ಲ ಕೆಂಪು ದೀಪ. ದಿನವಿಡೀ ನೀರಿನ ಬಿಲ್ಲು ಮಾಡುತ್ತ ಕೂತಿದ್ದರೂ ನಾನು ಗೈರುಹಾಜರು. (ಮನೆಯಲ್ಲೂ ನೀವು ಹಾಗೇ ಅಲ್ವಾ ಎಂದು ಹೆಂಡತಿಯ ಟಿಪ್ಪಣಿ.)

ಗೈರಿಗೆಲ್ಲ ರಜೆ ಕತ್ತರಿಸುತ್ತ ಹೋದರು. ಅದು ಮಗಳ ಹೆರಿಗೆಗೆ ಹೋಗಲೆಂದು ಕೂಡಿಟ್ಟ ರಜೆ.

"ರಜೆ ಮುಗಿದ್ರೆ ನಾನೊಬ್ಬಳೇ ಹೋಗ್ತೀನಿ. ನೀವು ಮೊಮ್ಮಗುನ ಫೋಟೋದಲ್ಲಿ ನೋಡಿ," ಎಂದಳು ಹೆಂಡತಿ. (ಆಕೆ ಶಾಲೆಯಲ್ಲಿ ಟೀಚರು. ಮನೆಯಲ್ಲೂ.) ನನಗೆ ಅಳುವೇ ಬಂತು.

ಶುರುವಾಯಿತು ನೋಡಿ ಚಿಕಿತ್ಸಾ ಮಹಾಯಜ್ಞ. ಅಮ್ಮ ಅರಿಶಿನ ಮೆತ್ತಿದಳು. ಯಂತ್ರದ ಗಾಜು ಹಳದಿಯಾಗಿ ಕಾವಲುಗಾರನಿಂದ ಬೈಸಿಕೊಂಡೆ. ಪಕ್ಕದ ಮನೆಯ ದರ್ಜಿ ನಿಂಬೆರಸ ತಿಕ್ಕಿ ಎಂದ. ತಿಕ್ಕಿದ ಮೇಲೆ ನಾನು ಹಜಾರದಲ್ಲಿ ಮಾಡಿದ ನೃತ್ಯ ನೋಡಲು ಅವನ ಮನೆಮಂದಿಯೆಲ್ಲ ಬಂದಿದ್ದರು.

ಕೊನೆಗೆ ಹೆಂಡತಿ ನನ್ನನ್ನು ಚರ್ಮದ ಡಾಕ್ಟರ ಮುಂದೆ ಕೂರಿಸಿದಳು. ಅವರು ಮುಲಾಮು ಕೊಟ್ಟು, "ಉಳಿದಿದ್ದು ಮನೇಲೇ ಆಗ್ಬೇಕು. ಉಗುರುಬೆಚ್ಚಗಿನ ನೀರು ಸಾಕು, ಘಮಘಮ ಸೋಪು ಬೇಡ. ಕೈ ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿ, ಹತ್ತಿ ಗವಸು ಹಾಕ್ಕೊಳ್ಳಿ. ಕೆರೀಬೇಡಿ. ಪಾತ್ರೆ ತೊಳೀಬೇಡಿ," ಎಂದರು.

"ಕೊನೇದನ್ನ ಸ್ವಲ್ಪ ಜೋರಾಗಿ ಹೇಳಿ ಡಾಕ್ಟ್ರೇ," ಎಂದೆ.

ಅಂದಿನಿಂದ ಹೆಂಡತಿಯ ಕಣ್ಣು ನನ್ನ ಕೈಮೇಲೇ.

"ಕೆರೀತಿದ್ದೀರಾ?"

"ಇಲ್ಲ ಕಣೇ, ಏನೋ ಯೋಚಿಸ್ತಿದ್ದೆ."

"ಯೋಚನೆ ಮಾಡೋರು ತಲೆ ಕೆರ್ಕೋತಾರೆ, ಕೈಯಲ್ಲ. ಎಣ್ಣೆ ತನ್ನಿ."

ಬೈಯುತ್ತಲೇ ತಾನೇ ಹಚ್ಚುತ್ತಿದ್ದಳು, ಒಂದೊಂದೇ ಬೆರಳಿಗೆ, ನಿಧಾನವಾಗಿ. ನವೆ ಇಳಿಯಿತು, ಬಿರುಕು ಮುಚ್ಚಿತು, ಹೊಸ ಚರ್ಮ ಬಂತು. ಒಂದು ಬೆಳಿಗ್ಗೆ ಬೆರಳು ಒತ್ತಿದರೆ ಹಸಿರು ದೀಪ! ಕುಣಿದಾಡುತ್ತ ಮೇಲಧಿಕಾರಿಯ ಕೋಣೆಗೆ ನುಗ್ಗಿ ನನ್ನ ಅಗ್ನಿಪರೀಕ್ಷೆಯ ಕಥೆಯೆಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಲ್ರೀ, ಯಂತ್ರಕ್ಕೆ ಎಡಗೈ ಬೆರಳಿನ ಗುರುತು ಕೊಡಬಹುದಿತ್ತಲ್ಲ? ಐದು ನಿಮಿಷದ ಕೆಲಸ. ಒಂದು ಮಾತು ಕೇಳೋಕೆ ಏನಾಗಿತ್ತು? ಹೋಗ್ಲಿ, ರಜೆ ವಾಪಸ್ ಹಾಕಿಸ್ತೀನಿ."

ಎಡಗೈ ನೋಡಿಕೊಂಡೆ. ಅದಕ್ಕೆ ಯಾವತ್ತೂ ಏನೂ ಆಗಿರಲಿಲ್ಲ.

ಮನೆಗೆ ಬಂದು ಹೇಳಿದರೆ ಹೆಂಡತಿಗೆ ಆಶ್ಚರ್ಯವೇ ಆಗಲಿಲ್ಲ. "ಗೊತ್ತಿತ್ತು. ನಮ್ಮ ಸ್ಕೂಲಲ್ಲೂ ಅದೇ ಯಂತ್ರ. ಬಲಗೈಗೆ ಸೀಮೆಸುಣ್ಣ ಮೆತ್ತಿರುತ್ತೆ ಅಂತ ನಾನು ಎಡಗೈನೇ ಕೊಟ್ಟಿರೋದು."

"ಮತ್ತೆ ಇಷ್ಟು ದಿನ ನನ್ನ ಪ್ರಾಣ ಯಾಕೆ ತಿಂದೆ?"

"ಹೇಳಿದ್ರೆ ಎಡಗೈ ಒತ್ತಿ ಬಲಗೈ ಕೆರೀತಾ ಕೂತಿರ್ತಿದ್ರಿ. ಆ ಕೈಯಲ್ಲಿ ಎಳೇ ಮಗುನ ಎತ್ಕೊಳ್ಳೋಕೆ ನಾನು ಬಿಡ್ತಿದ್ನಾ?"

ನನಗೆ ಅವಳ ಮೇಲೆ ಪ್ರೀತಿ ಉಕ್ಕಿತು.

"ತುಂಬ ಹಿಗ್ಗಬೇಡಿ," ಎಂದಳು. "ಅಲ್ಲೂ ಸೋಪು, ನೀರಿನ ಕೆಲಸ ನಿಮಗಿಲ್ಲ. ಅಳೋ ಮಗುನ ರಾತ್ರಿಯೆಲ್ಲ ಎತ್ಕೊಂಡು ತಿರುಗಾಡೋದು ಒಣ ಕೆಲಸ. ಅದು ಅಪ್ಪಂದೇ ಅಂತ ಮಗಳಿಗೆ ಹೇಳಿಯಾಗಿದೆ."