ಸಕ್ಕರೆ ಲೇಪಿಸಿದ ಪದ್ಯ

ಕಾವ್ಯದಿಂದ ಮನುಷ್ಯರನ್ನು ತಿದ್ದಬಹುದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಯುರೋಪಿನ ಪುನರುಜ್ಜೀವನ ಕಾಲದ ಪಂಡಿತರು ಹಾಗೆಂದೇ ವಾದಿಸಿದ್ದರಂತೆ: ನೀತಿ ಕಹಿ ಔಷಧಿ, ಕಾವ್ಯ ಅದರ ಮೇಲಿನ ಸಿಹಿ. ಓದುಗ ಚಪ್ಪರಿಸುತ್ತಲೇ ಒಳ್ಳೆಯವನಾಗಿಬಿಡುತ್ತಾನೆ! ಓದಿ ಮೈ ಜುಮ್ಮೆಂದಿತು. ನೈರೋಬಿಯ ಔಷಧ ಕಾರ್ಖಾನೆಯೊಂದರಲ್ಲಿ ಮಾತ್ರೆಗಳಿಗೆ ಸಕ್ಕರೆ ಲೇಪಿಸುವ ವಿಭಾಗದ ಮ್ಯಾನೇಜರ್ ನಾನು. ನನಗಿಂತ ಅರ್ಹ ಕವಿ ಇನ್ಯಾರು?

ರೋಗಿಗಳೂ ಕೈಗೆ ಸಿಕ್ಕರು. ಮಗಳ ಪಿಯುಸಿಗೆಂದು ಹೆಂಡತಿ ಅವಳ ಜೊತೆ ಮೈಸೂರಿನಲ್ಲಿದ್ದಾಳೆ. ಪಾರ್ಕ್‌ಲ್ಯಾಂಡ್ಸ್‌ನ ನನ್ನ ಫ್ಲ್ಯಾಟಿನಲ್ಲಿ ವಾರವಿಡೀ ಫ್ರಿಜ್ಜಿನದೊಂದೇ ಸದ್ದು. ಭಾನುವಾರ ಮಾತ್ರ ಸಹೋದ್ಯೋಗಿಗಳಾದ ಪ್ರಭಾಕರ, ಲೋಬೊ ಬಂದು ಸಂಜೆಯವರೆಗೆ ಇಸ್ಪೀಟಾಡಿ, ನನ್ನ ಬಿಸಿಬೇಳೆಬಾತ್ ಬಳಿದು ತಿಂದು ಹೋಗುತ್ತಿದ್ದರು. ಹೆಂಡತಿ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರುವ ಇವರನ್ನು ತಿದ್ದುವುದು ಕವಿಯ ಕರ್ತವ್ಯವಲ್ಲವೇ?

ಬರೆದೆ. ನೀತಿ ಹೆಚ್ಚಾಯಿತೆನಿಸಿ ಸಿಹಿ ಹಚ್ಚಿದೆ: ಅಪ್ಪನ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕಾಯುವ ಮಗು, ಆರಿದ ಚಹಾದ ಎದುರು ಕುಳಿತ ಹೆಂಡತಿ. ಭಾನುವಾರ ಇಸ್ಪೀಟೆಲೆ ಹಂಚುವ ಮೊದಲೇ ಎದ್ದು ನಿಂತು ಓದಿದೆ.

ಲೋಬೊ ಕನ್ನಡಕ ತೆಗೆದು ಒರೆಸಿಕೊಂಡ. ಪ್ರಭಾಕರ ಎದ್ದೇಬಿಟ್ಟ.

"ಕರುಳು ಚುರ್ ಅಂತು ಸಾರ್. ನಾನ್ ಹೊರಟೆ."

"ಊಟ ಮಾಡ್ಕೊಂಡು ಹೋಗಪ್ಪಾ."

"ಮನೇಲೇ ಮಾಡ್ತೀನಿ!"

ಕವಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕೆ? ಇಬ್ಬರನ್ನೂ ಲಿಫ್ಟಿನವರೆಗೆ ಹೋಗಿ ಬೀಳ್ಕೊಟ್ಟೆ.

ಮುಂದಿನ ಭಾನುವಾರ ಬಾತ್ ಮಾಡಿ ಕಾದೆ. ಯಾರೂ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಬಂದದ್ದು ಪ್ರಭಾಕರನ ಹೆಂಡತಿ ಸುಮನಾಳ ಫೋನು.

"ಅಣ್ಣಾ, ಅಸಾಂಟೆ, ತುಂಬಾ ಥ್ಯಾಂಕ್ಸ್! ಇವ್ರು ಪೂರ್ತಿ ಬದಲಾಗ್ಬಿಟ್ಟಿದಾರೆ. ಸಂಡೇ ಮನೆ ಬಿಟ್ಟು ಕದಲಲ್ಲ!"

"ಸಂತೋಷಮ್ಮಾ. ಈ ವಾರ ಒಂದ್ ಗಂಟೆ ಕಳ್ಸಿಕೊಡ್ತೀಯಾ?"

"ಛೇ, ನೀವೇ ಹೀಗಂದ್ರೆ ಹೇಗಣ್ಣಾ!"

ಗಾಬರಿಯಾಗಿ ಸ್ನೇಹದ ಮಹಿಮೆ ಸಾರುವ ಇನ್ನೊಂದು ಪದ್ಯ ಬರೆದು ಇಬ್ಬರಿಗೂ ಕಳಿಸಿದೆ. ಮಂಗಳೂರು ಕಡೆಯ ಲೋಬೊ ಉತ್ತರಿಸಿದ: "ಚಂದ ಉಂಟು ಸಾರ್. ಆದ್ರೆ ಇದ್ರಲ್ಲಿ ನೀತಿ ಇಲ್ಲ."

ಕೊನೆಗೆ, ಆ ಭಾನುವಾರವೂ ಯಾರೂ ಬಾರದಿದ್ದಾಗ, ಮೊದಲ ಪದ್ಯವನ್ನು ಫೋನಿನಲ್ಲಿ ಹೆಂಡತಿಗೆ ಓದಿ ಹೇಳಿದೆ. ಹೊಗಳುತ್ತಾಳೆಂದು ಕಾದೆ.

"ಚೆನ್ನಾಗಿದೆ ರೀ. ಇದನ್ನ ಬರ್ದೋರು ಮನೆಗೆ ಯಾವಾಗ ಬರ್ತಾರೆ?"

ನನಗೆ ಅಳು ಬಂತು. ಇಷ್ಟು ವರ್ಷ ಮಾತ್ರೆಗಳಿಗೆ ಸಕ್ಕರೆ ಹಚ್ಚಿದವನು ಒಂದನ್ನೂ ಕಚ್ಚಿ ನೋಡಿರಲಿಲ್ಲ. ರಜೆ ಕೇಳುತ್ತೇನೆಂದು ಹೇಳಿ ಫೋನಿಟ್ಟು, ತಟ್ಟೆ ತೆಗೆದುಕೊಂಡೆ. ಮೂವರಿಗೆಂದು ಮಾಡಿದ ಬಾತ್ ಬುಧವಾರದವರೆಗೂ ಬಂತು.